ಸಮುದ್ರದ ಪಾಲಾಗುವ ವರದಕ್ಷಿಣೆ

ಹೋದ ತಿಂಗಳು ನಮ್ಮ ಸಂಘದ ಸಭೆಗೆ ಒಬ್ಬ ಸದಸ್ಯೆ ಒಂದು ಲಕ್ಷ ರೂಪಾಯಿ ಸಾಲ ಕೇಳಿ ಬಂದರು. ಕಾರಣ 'ಮನೆ ರಿಪೇರಿ' ಎಂದರು. ವಾರವಾರವೂ ಒಟ್ಟಿಗೆ ಕೂತು ಉಳಿತಾಯ ಕಟ್ಟುವವರು ನಾವು. ಆಕೆಯ ಮನೆಯ ಹೆಂಚು ಕಳೆದ ಬೇಸಿಗೆಯಲ್ಲೇ ಬದಲಾಗಿದ್ದು ಎಲ್ಲರಿಗೂ ಗೊತ್ತು. "ಯಾಕಕ್ಕಾ, ನಿಜ ಹೇಳಿ" ಎಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ಮದುವೆ ಆದ ಮೇಲೆ ಹುಡುಗ ಹುಡುಗಿ ಅಂಡಮಾನಿಗೆ ಹನಿಮೂನಿಗೆ ಹೋಗ್ಬೇಕಂತೆ. ವಿಮಾನ, ಹೋಟೆಲು, ಸಮುದ್ರದೊಳಗೆ ಮುಳುಗಿ ಮೀನು ನೋಡೋದು, ಎಲ್ಲ ಸೇರಿ ಲೆಕ್ಕ ಹಾಕಿ ಕೊಟ್ಟಿದಾರೆ. 'ವರದಕ್ಷಿಣೆ ಅಂತ ನಾವು ಒಂದು ಪೈಸೆ ಕೇಳಲಿಲ್ಲ, ಇಷ್ಟಾದ್ರೂ ಮಾಡಿಕೊಡಿ' ಅಂದ್ರು ಬೀಗರು."

ಈ 'ಇಷ್ಟಾದರೂ' ಎಂಬ ಮಾತನ್ನು ಹೆಣ್ಣು ಹೆತ್ತವರು ಎಷ್ಟು ಕಾಲದಿಂದ ಕೇಳುತ್ತಿದ್ದೇವೆ! ಒಂದು ಕಾಲಕ್ಕೆ ಅದು ವಾಚು ಮತ್ತು ಸೂಟು, ಆಮೇಲೆ ಸ್ಕೂಟರು, ಆಮೇಲೆ ಕಾರು. ಈಗ ಸ್ವರಾಜ್ ದ್ವೀಪ ಎಂದು 2018ರಲ್ಲಿ ಹೆಸರು ಬದಲಾದ ಹ್ಯಾವ್‌ಲಾಕ್ ಆಗಿದೆ, ಮಾಲ್ಡೀವ್ಸ್ ಆಗಿದೆ. ಬೇಡುವ ಕೈ ಅದೇ, ಬೇಡುವ ವಸ್ತು ಮಾತ್ರ ಬೇರೆ.

ಆದರೆ ಈ ಹೊಸ ವಸ್ತುವಿನಲ್ಲಿ ಒಂದು ವಿಶೇಷವಿದೆ. ಕೊಟ್ಟ ಒಡವೆ ಕಣ್ಣಿಗೆ ಕಾಣುತ್ತದೆ. ಮಂಚ, ಬೀರು, ಪಾತ್ರೆಗಳಿಗೆ ಪಟ್ಟಿ ಇರುತ್ತದೆ. 1985ರ ನಿಯಮಗಳ ಪ್ರಕಾರ ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕು. ಬೇರೆಯವರ ಕೈ ಸೇರಿದ ವರದಕ್ಷಿಣೆಯನ್ನು ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕೆಂದೂ ಕಾನೂನು ಹೇಳುತ್ತದೆ. ನಾಳೆ ಸಂಸಾರ ಮುರಿದರೆ ಸಂಘದ ನಾಲ್ಕು ಜನ ಹೋಗಿ ಬೀರುವನ್ನಾದರೂ ಹೊರಿಸಿಕೊಂಡು ಬರಬಹುದು. ಐದು ದಿನದ ಸಮುದ್ರವನ್ನು ಯಾರು ಹೊರಿಸಿಕೊಂಡು ಬರುತ್ತಾರೆ? ಟಿಕೆಟ್ಟು ಹುಡುಗನ ಫೋನಿನಲ್ಲಿ, ಬಿಲ್ಲು ಅವನ ಹೆಸರಿನಲ್ಲಿ, ದುಡ್ಡು ಮಾವನ ಕೈಯಿಂದ ನಗದಾಗಿ. ಉಳಿಯುವುದು ಒಂದಿಷ್ಟು ಫೋಟೋ, ಮತ್ತು ತಾಯಿಯ ತಲೆಯ ಮೇಲೆ ಮೂರು ವರ್ಷದ ಕಂತು.

"ಪ್ರವಾಸದ ಖರ್ಚು ವರದಕ್ಷಿಣೆ ಹೇಗಾಗುತ್ತದೆ?" ಎಂದು ಓದಿದವರೇ ಕೇಳುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ನಗದನ್ನಷ್ಟೇ ಹೇಳುವುದಿಲ್ಲ. ಮದುವೆಗೆ ಮುಂಚೆ, ಮದುವೆಯಲ್ಲಿ ಅಥವಾ ಆಮೇಲೆ ಯಾವಾಗಲಾದರೂ, ಮದುವೆಯ ಸಂಬಂಧವಾಗಿ, ನೇರವಾಗಿಯೋ ಸುತ್ತು ದಾರಿಯಲ್ಲೋ ಕೊಟ್ಟ ಅಥವಾ ಕೊಡಲು ಒಪ್ಪಿದ ಯಾವುದೇ ಆಸ್ತಿ, ಬೆಲೆಬಾಳುವ ಪತ್ರ ವರದಕ್ಷಿಣೆಯೇ. ಮನೆ ಕಟ್ಟಲು ಸೊಸೆಯ ತವರಿನಿಂದ ಹಣ ಕೇಳಿದ್ದೂ ವರದಕ್ಷಿಣೆಯೇ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆ ಪದಕ್ಕೆ ವಿಶಾಲ ಅರ್ಥ ಕೊಡಬೇಕೆಂದಿತು. ಮನೆ ಕಟ್ಟಲು ಕೇಳಿದ್ದು ತಪ್ಪಾದರೆ ಮೋಜಿಗೆ ಕೇಳಿದ್ದು ಸರಿಯಾಗುವುದು ಹೇಗೆ? ಬರೀ ಕೇಳಿದ್ದಕ್ಕೇ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ ಇದೆ. ಕೊಟ್ಟವರೂ ತಪ್ಪಿತಸ್ಥರೆಂದು ಹೆದರಿ ಎಷ್ಟೋ ತಾಯಂದಿರು ಬಾಯಿ ಬಿಡುವುದಿಲ್ಲ. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ವಿರುದ್ಧವೇ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆ ರಕ್ಷಣೆ ಕೊಟ್ಟಿದೆ. ಇದನ್ನು ಪ್ರತಿ ಸಂಘದಲ್ಲೂ ಗಟ್ಟಿಯಾಗಿ ಓದಿ ಹೇಳಬೇಕು.

ಇನ್ನೊಂದು ಮಾತು. ಮಾಲ್ಡೀವ್ಸ್ ಸುಮಾರು 1,200 ಪುಟ್ಟ ದ್ವೀಪಗಳ ದೇಶ. ರೆಸಾರ್ಟ್ ಇರುವ ದ್ವೀಪದಲ್ಲಿ ಸಾಮಾನ್ಯವಾಗಿ ಅದೊಂದೇ ಇರುತ್ತದೆ. ಊರಿಲ್ಲ, ಬಸ್ಸಿಲ್ಲ, ದೋಣಿಯೋ ಸಣ್ಣ ವಿಮಾನವೋ ಬಂದರೆ ಮಾತ್ರ ಹೊರಗೆ ದಾರಿ. ಪ್ರೀತಿ ಇದ್ದವರಿಗೆ ಆ ಏಕಾಂತ ಸ್ವರ್ಗ. "ನಿಮ್ಮಪ್ಪ ಕೊಟ್ಟ ದುಡ್ಡಿಗೆ ಇಂಥ ರೂಮೇ ಸಿಕ್ಕಿದ್ದು" ಎಂಬ ಚುಚ್ಚುಮಾತು ಮೊದಲ ರಾತ್ರಿಯೇ ಶುರುವಾದರೆ ಆ ಹುಡುಗಿ ಯಾರ ಮನೆ ಬಾಗಿಲು ತಟ್ಟಬೇಕು? ಪಾಸ್‌ಪೋರ್ಟು, ವಾಪಸ್ ಟಿಕೆಟ್ಟು, ಫೋನು, ಒಂದಿಷ್ಟು ದುಡ್ಡು ಮಗಳ ಕೈಯಲ್ಲೇ ಇರಲಿ. ಇದು ಅಪಶಕುನದ ಮಾತಲ್ಲ. 2022 ಒಂದೇ ವರ್ಷದಲ್ಲಿ ಈ ದೇಶದಲ್ಲಿ 6,450 ವರದಕ್ಷಿಣೆ ಸಾವುಗಳು ಸರ್ಕಾರದ ಲೆಕ್ಕದಲ್ಲೇ ದಾಖಲಾಗಿವೆ. ಅವುಗಳಲ್ಲಿ ಎಷ್ಟೋ 'ಇಷ್ಟಾದರೂ' ಎಂಬ ಮಾತಿನಿಂದಲೇ ಶುರುವಾಗಿರಬಹುದು.

ಹಾಗಾದರೆ ನಮ್ಮ ಹೆಣ್ಣುಮಕ್ಕಳು ಸಮುದ್ರ ನೋಡಬಾರದೆ? ಧಾರಾಳವಾಗಿ ನೋಡಲಿ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಹವಳದ ದಿಬ್ಬಗಳ ನಡುವೆ ಇಳಿಯಲಿ. ಅದಕ್ಕೆ ಅಂಡಮಾನೇ ಆಗಬೇಕೆಂದಿಲ್ಲ, ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲೂ ಸ್ಕೂಬಾ ಡೈವಿಂಗ್ ಇದೆ. ಇಬ್ಬರೂ ದುಡಿದು, ಇಬ್ಬರೂ ಕೂಡಿಟ್ಟು, ಮದುವೆಯಾದ ವರ್ಷವೋ ಎರಡು ವರ್ಷಕ್ಕೋ ಹೋದರೆ ಸಮುದ್ರವೇನು ಬತ್ತಿಹೋಗುತ್ತದೆಯೆ?

ಆ ಡೈವಿಂಗಿನಲ್ಲಿ ಒಂದು ನಿಯಮವಿದೆ, ನನಗೆ ತುಂಬ ಹಿಡಿಸಿತು. ನೀರಿನಡಿ ಮಾತಾಡಲು ಆಗುವುದಿಲ್ಲ, ಎಲ್ಲವೂ ಕೈಸನ್ನೆ. ಹೆಬ್ಬೆರಳು ಮೇಲೆತ್ತಿದರೆ 'ಸಾಕು, ಮೇಲೆ ಹೋಗೋಣ' ಎಂದರ್ಥ. ಯಾರು ಬೇಕಾದರೂ, ಯಾವ ಕ್ಷಣದಲ್ಲಾದರೂ ಆ ಸನ್ನೆ ಮಾಡಬಹುದು. ಜೊತೆಗಾರರು ವಾದ ಹೂಡುವಂತಿಲ್ಲ, ದುಡ್ಡು ದಂಡವಾಯಿತೆಂದು ಸಿಟ್ಟಾಗುವಂತಿಲ್ಲ, ನಿಧಾನವಾಗಿ ಜೊತೆಗೇ ಮೇಲೆ ಬರಬೇಕು. ಐದು ದಿನದ ಮೋಜಿಗೆ ಇರುವ ಈ ನಿಯಮ ಐವತ್ತು ವರ್ಷದ ಸಂಸಾರಕ್ಕೆ ಯಾಕಿಲ್ಲ? ನಮ್ಮ ಹುಡುಗಿ ಉಸಿರುಕಟ್ಟಿ ಕೈ ಎತ್ತಿದಾಗ "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂದು ಮತ್ತೆ ಕೆಳಕ್ಕೆ ತಳ್ಳುವವರಲ್ಲಿ ನಾವೂ ಇದ್ದೇವಲ್ಲ, ಅಕ್ಕಂದಿರೇ?

ಆ ಸಾಲದ ವಿಷಯಕ್ಕೆ ಬರುತ್ತೇನೆ. ಅಂದು ಸಂಘದಲ್ಲಿ ದೊಡ್ಡ ವಾದವೇ ಆಯಿತು. "ಕೊಡದಿದ್ರೆ ಮದುವೆ ಮುರಿದು ಬೀಳುತ್ತೆ, ಪಾಪ ನಮಗೆ ಬರುತ್ತೆ" ಎಂದರು ಕೆಲವರು. "ನಾವು ಕೊಡದಿದ್ರೆ ಮೀಟರ್ ಬಡ್ಡಿಯವನ ಹತ್ರ ಹೋಗ್ತಾಳೆ" ಎಂದರು ಇನ್ನು ಕೆಲವರು. ಎರಡೂ ಸುಳ್ಳಲ್ಲ. ಆದರೂ ಕೂಲಿ ಮಾಡಿ, ಹಾಲು ಮಾರಿ ಕೂಡಿಟ್ಟ ದುಡ್ಡನ್ನು ಸುಳ್ಳು ಕಾರಣ ಬರೆದು ಬೀಗರ ಕೈಗೆ ಹಾಕಿದರೆ ವರದಕ್ಷಿಣೆ ಕೊಟ್ಟವರು ನಾವೇ ಆಗುತ್ತೇವೆ. ಕೊನೆಗೆ ಹುಡುಗಿಯನ್ನೇ ಕರೆದು ಕೇಳಿದೆವು. ಈ ಬೇಡಿಕೆಯ ಸುದ್ದಿಯೇ ಅವಳಿಗೆ ಗೊತ್ತಿರಲಿಲ್ಲ! ಮೂರು ಜನ ಅವಳನ್ನೂ ತಾಯಿಯನ್ನೂ ಕರೆದುಕೊಂಡು ಬೀಗರ ಮನೆಗೆ ಹೋಗಿಬಂದೆವು. ಮಾತು ಇನ್ನೂ ಮುಗಿದಿಲ್ಲ. ಮುರಿದರೂ ಚಿಂತೆಯಿಲ್ಲ ಎಂದು ಹುಡುಗಿ ಹೇಳಿದ್ದಾಳೆ, ತಾಯಿ ಇನ್ನೂ ಹೇಳಿಲ್ಲ.

ನಮ್ಮ ನಡಾವಳಿ ಪುಸ್ತಕದಲ್ಲಿ ಒಂದು ಠರಾವು ಬರೆದಿದ್ದೇವೆ: ಗಂಡಿನ ಕಡೆಯವರು ಕೇಳಿದ ಯಾವ ಖರ್ಚಿಗೂ, ಅದಕ್ಕೆ ಯಾವ ಹೆಸರಿಟ್ಟರೂ, ಸಂಘದಿಂದ ಸಾಲವಿಲ್ಲ, ಹಾಗೆ ಕೇಳಿಸಿಕೊಂಡ ತಾಯಿಯನ್ನು ಒಂಟಿಯಾಗಿ ಬಿಡುವುದೂ ಇಲ್ಲ. ನಿಮ್ಮ ಸಂಘದಲ್ಲೂ ಬರೆಯಿರಿ. ಕಿರುಕುಳ ಶುರುವಾದರೆ 181ಕ್ಕೆ ಫೋನು ಮಾಡಿ. ಅದಕ್ಕೂ ಮೊದಲು, ಮುಂದಿನ ಸಭೆಯಲ್ಲಿ 'ಮನೆ ರಿಪೇರಿ' ಎಂದು ಸಾಲ ಕೇಳಿದ ಅಕ್ಕನ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿ: "ಯಾಕಕ್ಕಾ, ನಿಜ ಹೇಳಿ."