ದೂರು ಹೇಳುವವನ ಮಟ್ಟ

ಸಾಂಗಲಿ, ಮಿರಜ, ಮ್ಹೈಸಾಳ ಸೀಮೆಯ ನಮಗೆ ಕುಸ್ತಿ ಹೊಸದಲ್ಲ. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಮಾರುತಿ ಮಾನೆಯವರು ಇದೇ ಜಿಲ್ಲೆಯ ಕವಠೆ ಪಿರಾನದವರು. ಈಗ ಹುಡುಗರು ಗರಡಿ ಬಿಟ್ಟು ಪರದೆಯ ಮೇಲಿನ ಕಾದಾಟಕ್ಕೆ ಕುಳಿತಿದ್ದಾರೆಂದು ಹಿರಿಯರು ಬೇಸರಪಡುವುದುಂಟು. ಆ ಬೇಸರ ಒತ್ತಟ್ಟಿಗಿರಲಿ. ಎರಡೂ ಕಡೆ ಸೋತವನು ದೂರು ಹೇಳುತ್ತಾನೆ. ಆ ದೂರನ್ನು ಹೇಗೆ ಕೇಳಬೇಕೆಂಬುದೇ ನಮ್ಮ ಮುಂದಿನ ಪ್ರಶ್ನೆ.

ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ಸ್ಟ್ರೀಟ್ ಫೈಟರ್ 2 ಎಂಬ ಆಟವನ್ನು ತಂದಿತು. ಅದರಲ್ಲಿ ಕೈ ಅಡ್ಡ ಹಿಡಿದು ಏಟು ತಡೆಯಬಹುದು. ಆದರೆ ಎದುರಾಳಿ ಹತ್ತಿರ ಬಂದು ಎತ್ತಿ ಎಸೆದರೆ ಆ ತಡೆ ನಡೆಯದು. ಹೊಸಬ ಇದನ್ನು 'ಮೋಸ' ಎನ್ನುತ್ತಾನೆ. ಎಸೆತವಿಲ್ಲದಿದ್ದರೆ ತಡೆದು ಕುಳಿತವನನ್ನು ಕದಲಿಸುವುದೇ ಕಷ್ಟವೆಂದು ಅವನಿಗಿನ್ನೂ ತಿಳಿಯದು. ಸ್ವಲ್ಪ ಕಲಿತವನ ದೂರು ಬೇರೆ: 'ಅವನ ಪಾತ್ರಕ್ಕೆ ಬಲ ಹೆಚ್ಚು.' ಬಹಳ ಸಲ ಆ ಪಟ್ಟಿಗೆ ಮರುಪಟ್ಟು ಇರುತ್ತದೆ, ಇವನು ಕಲಿತಿರುವುದಿಲ್ಲ. ನುರಿತವನಾದರೋ ಕ್ಷಣದ ಅರವತ್ತನೇ ಭಾಗವನ್ನೂ ಲೆಕ್ಕ ಹಾಕಿ, 'ಸರಿಯಾಗಿ ತಡೆದ ಮೇಲೂ ನನಗೆ ಊಹೆಯೇ ಗತಿಯಾಯಿತು' ಎನ್ನುತ್ತಾನೆ. 2024ರಲ್ಲಿ ಬಂದ ಟೆಕ್ಕೆನ್ 8ಕ್ಕೆ 2025ರ ಏಪ್ರಿಲ್‌ನಲ್ಲಿ ಮಾಡಿದ ಬದಲಾವಣೆಗಳಿಂದ ದಾಳಿ ಮಾಡುವವನಿಗೇ ಅನುಕೂಲವಾಯಿತೆಂದು ದೊಡ್ಡ ಆಟಗಾರರೇ ಕೂಗೆಬ್ಬಿಸಿದರು. ತಯಾರಕರು ಅವಸರದಿಂದ ತಿದ್ದುಪಡಿ ತರಬೇಕಾಯಿತು.

ಹಾಗಾದರೆ ನುರಿತವನ ಮಾತೇ ಸತ್ಯ, ಹೊಸಬನದು ಬರೀ ಅಳು ಎನ್ನೋಣವೇ? ಹಾಗೆನ್ನಲಾಗದು. ಹೊಸಬ ಹೇಳುವ ಕಾರಣ ತಪ್ಪಿರಬಹುದು, ಅವನಿಗಾದ ನೋವು ಸುಳ್ಳಲ್ಲ. ಆಟ ತನ್ನ ನಿಯಮವನ್ನು ಅವನಿಗೆ ಕಲಿಸಲಿಲ್ಲವೆಂಬುದನ್ನು ಆ ನೋವು ತೋರಿಸುತ್ತದೆ. 'ಮೊದಲು ಕಲಿತು ಬಾ' ಎಂದು ಬಾಯಿ ಮುಚ್ಚಿಸಿದರೆ ಅವನು ಕಲಿಯುವುದಿಲ್ಲ, ಎದ್ದು ಹೋಗುತ್ತಾನೆ. ಹೀಗೆ ಒಬ್ಬೊಬ್ಬರೇ ಎದ್ದು ಹೋದರೆ ಗರಡಿ ಬರಿದಾಗುತ್ತದೆ.

ಇನ್ನೊಂದು ಕಡೆ, ನೈಪುಣ್ಯವಿದ್ದ ಮಾತ್ರಕ್ಕೆ ದೂರು ಪವಿತ್ರವಾಗುವುದಿಲ್ಲ. 2023ರ ಜನವರಿಯಲ್ಲಿ ಪುಣೆಯ ಮಹಾರಾಷ್ಟ್ರ ಕೇಸರಿ ಪಂದ್ಯದಲ್ಲಿ ಸಿಕಂದರ್ ಶೇಖ್ ಅವರ ವಿರುದ್ಧ ಒಂದು ಪಟ್ಟಿಗೆ ನಾಲ್ಕು ಅಂಕ ಕೊಟ್ಟದ್ದು ಸರಿಯೇ ಎಂದು ದೊಡ್ಡ ವಾದವೆದ್ದಿತು. ಅದು ಬಲ್ಲವರ ದೂರು: ಬೆನ್ನು ನೆಲದ ಕಡೆಗೆ ಎಷ್ಟು ತಿರುಗಿತು ಎಂಬ ಸೂಕ್ಷ್ಮದ ಮೇಲೆ ನಿಂತದ್ದು. ಸಿಕಂದರ್ ಅದೇ ವರ್ಷ ನವೆಂಬರಿನಲ್ಲಿ ಮತ್ತೆ ಅಖಾಡಕ್ಕಿಳಿದು ಕೇಸರಿಯಾದರು. ಆದರೆ 2025ರಲ್ಲಿ ಅಹಿಲ್ಯಾನಗರದಲ್ಲಿ, ಹಿಂದೆ ಕೇಸರಿಯಾಗಿದ್ದ ಪೈಲ್ವಾನರೊಬ್ಬರು ತೀರ್ಪು ಒಪ್ಪದೆ ಪಂಚರನ್ನೇ ಒದ್ದರು. ಮೂರು ವರ್ಷ ನಿಷೇಧಕ್ಕೊಳಗಾದರು. ಅವರ ವಾದದಲ್ಲಿ ಹುರುಳಿದ್ದಿರಬಹುದು. ಒದ್ದ ಮೇಲೆ ಜನರ ಬಾಯಲ್ಲಿ ಉಳಿದದ್ದು ಒದೆತವೇ ಹೊರತು ವಾದವಲ್ಲ.

ಹಾಗಾದರೆ ಅಳತೆಗೋಲು ಯಾವುದು? ಒಳ್ಳೆಯ ವಸ್ತಾದರು ಮಾಡುವುದನ್ನೇ ಮಾಡಬೇಕು. ದೂರಿದವನನ್ನು 'ನೀನು ಯಾರು?' ಎಂದು ಕೇಳದೆ 'ಏನಾಯಿತು, ತೋರಿಸು' ಎನ್ನಬೇಕು. ಅದೇ ಪಟ್ಟನ್ನು ಹತ್ತು ಸಲ ಹಾಕಿಸಿ ನೋಡಬೇಕು. ಬಿಡಿಸಿಕೊಳ್ಳುವ ದಾರಿ ಇದ್ದರೆ ಅದನ್ನು ಕಲಿಸಬೇಕು. ಅಲ್ಲಿಗೆ ದೂರು ತೀರುತ್ತದೆ. ಬಲ್ಲವನಿಗೂ ದಾರಿ ಸಿಗದಿದ್ದರೆ ತಪ್ಪು ನಿಯಮದಲ್ಲಿದೆ; ಅದನ್ನು ತಿದ್ದಬೇಕು.

ಇಚಲಕರಂಜಿಯ ಮಗ್ಗದ ಮುಂದೆ ನಿಲ್ಲುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆ ಪದೇ ಪದೇ ಹರಿದರೆ ಹೊಸಬ ನೂಲನ್ನು ಬೈಯುತ್ತಾನೆ, ಹಳಬ ಮಗ್ಗವನ್ನು ನೋಡುತ್ತಾನೆ. ಕಾರಣ ಯಾರು ಹೇಳಿದ್ದೇ ಇರಲಿ, ಎಳೆ ಹರಿದದ್ದು ಮಾತ್ರ ನಿಜ. ಮೊದಲು ಅದನ್ನು ಒಪ್ಪಿಕೊಂಡವನೇ ಮುಂದೆ ನ್ಯಾಯ ಹೇಳಬಲ್ಲನು.