ಹೋಮ್ ಥಿಯೇಟರ್ ಖರೀದಿ: ಕೋಣೆಯನ್ನು ತಿದ್ದುವ ಯಂತ್ರಕ್ಕೆ ಎಷ್ಟು ಬೆಲೆ?

ದೀಪಾವಳಿಯ ಪಾಡ್ಯದಂದು ಹೊಸ ಕಿರ್ದಿ ಪುಸ್ತಕಕ್ಕೆ ಪೂಜೆ ಸಲ್ಲಿಸಿದ ತರುವಾಯ ಮನೆಗೊಂದು ಹೊಸ ವಸ್ತುವನ್ನು ತರುವ ರೂಢಿ ಗದಗ-ಬೆಟಗೇರಿಯ ಹಲವು ವರ್ತಕ ಕುಟುಂಬಗಳಲ್ಲಿದೆ. ಒಂದು ಕಾಲದಲ್ಲಿ ಆ ವಸ್ತು ಫ್ರಿಜ್ ಅಥವಾ ಕಲರ್ ಟಿವಿ ಆಗಿರುತ್ತಿತ್ತು. ಈಗ ದೊಡ್ಡ ಪರದೆಯ ಟಿವಿಯೊಡನೆ ಹೋಮ್ ಥಿಯೇಟರ್ ಕೂಡ ಆ ಪಟ್ಟಿಗೆ ಸೇರಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದಲೂ ಗ್ರಾಹಕರು ಇದಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಬರುತ್ತಾರೆ. ಅಂಗಡಿಯಲ್ಲಿ ಒಂದು ರಿಸೀವರ್‌ನ ಪಕ್ಕದಲ್ಲಿ ಅದಕ್ಕಿಂತ ಎರಡು ಪಟ್ಟು ಬೆಲೆಯ ಇನ್ನೊಂದು ಇರುತ್ತದೆ. ಹೆಚ್ಚಿನ ಬೆಲೆಗೆ ಮಾರಾಟಗಾರನು ಕೊಡುವ ಮುಖ್ಯ ಕಾರಣವೆಂದರೆ, ಅದರಲ್ಲಿ ಉತ್ತಮ 'ರೂಮ್ ಕರೆಕ್ಷನ್' ಇದೆ ಎಂಬುದು. ಈ ಕಾರಣ ಆ ಬೆಲೆಯನ್ನು ಹೊರಬಲ್ಲುದೇ ಎಂಬುದು ವಿಚಾರಣೀಯ.

ರಿಸೀವರ್‌ನೊಡನೆ ಬರುವ ಸಣ್ಣ ಮೈಕನ್ನು ಕುಳಿತುಕೊಳ್ಳುವ ಜಾಗದಲ್ಲಿಟ್ಟರೆ, ಯಂತ್ರವು ಪ್ರತಿಯೊಂದು ಸ್ಪೀಕರ್‌ನಿಂದ ಪರೀಕ್ಷಾ ಧ್ವನಿಯನ್ನು ಹೊರಡಿಸಿ, ಅದು ಕಿವಿಯ ಸ್ಥಾನವನ್ನು ತಲುಪುವ ಬಗೆಯನ್ನು ಅಳೆದು, ತಕ್ಕ ತಿದ್ದುಪಡಿಯನ್ನು ಲೆಕ್ಕ ಹಾಕುತ್ತದೆ. ಯಮಾಹಾದಲ್ಲಿ ಇದಕ್ಕೆ ವೈಪಾವೋ ಎಂದು ಹೆಸರು. ಡೆನಾನ್ ಮತ್ತು ಮರಾಂಟ್ಜ್‌ಗಳಲ್ಲಿ ಆಡಿಸಿ, ಪಯೋನಿಯರ್‌ನಲ್ಲಿ ಎಂಸಿಎಸಿಸಿ. ಸ್ವೀಡನ್ನಿನ ಡಿರಾಕ್ ಲೈವ್ ಹೆಚ್ಚಾಗಿ ಮೇಲ್ದರ್ಜೆಯ ಮಾದರಿಗಳಲ್ಲಿ ದೊರೆಯುತ್ತದೆ. ಆದರೆ ಈ ಕೆಲಸದ ಅತ್ಯಂತ ಉಪಯುಕ್ತ ಭಾಗ, ಅಂದರೆ ಸ್ಪೀಕರ್‌ಗಳ ದೂರ ಮತ್ತು ಗಟ್ಟಿತನವನ್ನು ಸರಿದೂಗಿಸುವುದು, ಕಡಿಮೆ ಬೆಲೆಯ ಮಾದರಿಗಳಲ್ಲಿಯೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹೆಚ್ಚುವರಿ ಹಣವು ಉಳಿದ ಭಾಗಕ್ಕೆ ಮಾತ್ರ.

ಈ ಭಾಗದ ಮನೆಗಳನ್ನು ನೋಡಿದರೆ ಆ ಉಳಿದ ಭಾಗದ ಬೆಲೆ ತಿಳಿಯುತ್ತದೆ. ಜಂತಿ ಮಾಳಿಗೆಯ ಹಳೆಯ ಪಡಸಾಲೆಗಳು ಕಡಿಮೆಯಾಗಿ, ಆರ್‌ಸಿಸಿ ಛಾವಣಿ, ಗಿಲಾವು ಮಾಡಿದ ಗೋಡೆ, ಶಹಾಬಾದ ಫರಸಿ ಅಥವಾ ಟೈಲ್ಸ್ ನೆಲದ ಹಾಲುಗಳು ಬಂದಿವೆ. ಇವು ಧ್ವನಿಯನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ. 18 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಆ ಲೆಕ್ಕದಲ್ಲಿ ಉದ್ದದಿಂದ ಸುಮಾರು 31 ಮತ್ತು 63 ಹರ್ಟ್ಜ್‌ಗಳಲ್ಲಿಯೂ ಅಗಲದಿಂದ 47 ಹರ್ಟ್ಜ್‌ನಲ್ಲಿಯೂ ಕೋಣೆಯೇ ಗುಂಯ್‌ಗುಡುತ್ತದೆ. ಪುರುಷ ಗಾಯಕರ ತಂಬೂರಿಯ ಖರ್ಜದ ತಂತಿ ಸುಮಾರು 65ರಿಂದ 70 ಹರ್ಟ್ಜ್‌ನ ಆಸುಪಾಸಿನಲ್ಲಿರುತ್ತದೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಡಿತ ಪುಟ್ಟರಾಜ ಗವಾಯಿಗಳ ಶಿಷ್ಯರ ಗಾಯನವನ್ನು ಎದುರಿಗೆ ಕುಳಿತು ಕೇಳಿ ಬೆಳೆದ ಊರಿನ ಕಿವಿಗೆ ಈ ಗುಂಯ್‌ಗುಡುವಿಕೆ ಒಡನೆಯೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ಸಿನಿಮಾದ ಸ್ಫೋಟದ ದೃಶ್ಯವನ್ನಷ್ಟೇ ತೋರಿಸಿದಾಗ ಅದು ಮರೆಯಾಗುತ್ತದೆ, ಅಷ್ಟೆ.

ಹೀಗೆ ಎದ್ದುನಿಂತ ಗುಡ್ಡವನ್ನು ತಗ್ಗಿಸಲು ರೂಮ್ ಕರೆಕ್ಷನ್ ಸಮರ್ಥವಾದ ಸಾಧನ. ತಗ್ಗನ್ನು ತುಂಬಲು ಮಾತ್ರ ಅದು ಅಸಮರ್ಥ. 12 ಅಡಿ ಅಗಲದ ನಟ್ಟನಡುವೆ ಸೋಫಾ ಇಟ್ಟರೆ 47 ಹರ್ಟ್ಜ್‌ನ ಧ್ವನಿ ಅಲ್ಲಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಅದನ್ನು 10 ಡೆಸಿಬಲ್ ಏರಿಸಬೇಕೆಂದರೆ 20 ವ್ಯಾಟ್ ಇದ್ದಲ್ಲಿ 200 ವ್ಯಾಟ್ ಬೇಕು. ಡಬ್ಬಿಯ ಮೇಲೆ 80 ಅಥವಾ 100 ವ್ಯಾಟ್ ಎಂದು ಮುದ್ರಿಸಿದ ರಿಸೀವರ್ ಅದನ್ನೆಲ್ಲಿಂದ ತಂದೀತು? ತಂದರೂ ಪ್ರಯೋಜನವಿಲ್ಲ. ಅಳಿಸುವ ತರಂಗವೂ ಅಷ್ಟೇ ಹೆಚ್ಚುತ್ತದೆ. ಬರಿಗೋಡೆಗಳ ಅನುರಣನವನ್ನಂತೂ ಯಾವ ಸಾಫ್ಟ್‌ವೇರ್ ಕೂಡ ಹೀರಿಕೊಳ್ಳಲಾರದು.

ಇದಕ್ಕೆ ವಿರುದ್ಧವಾಗಿ, ಖರ್ಚಿಲ್ಲದ ಉಪಾಯವೊಂದಿದೆ. ಹಿಂಗೋಡೆಗೆ ತಾಗಿಸಿಟ್ಟ ಸೋಫಾವನ್ನು ಮೂರು ಅಡಿ ಮುಂದಕ್ಕೆ ಎಳೆದರೆ, ಮೇಲಿನ ಹಾಲಿನಲ್ಲಿ 63 ಹರ್ಟ್ಜ್‌ನ ಗುಂಯ್‌ಗುಡುವಿಕೆ ಸುಮಾರು 6 ಡೆಸಿಬಲ್ ತಗ್ಗುತ್ತದೆ. ಇಷ್ಟು ಸರಳವಾದ ಮಾತನ್ನು ಗ್ರಾಹಕನಿಗೆ ಹೇಳುವ ಅಂಗಡಿಗಳು ಹೆಚ್ಚಾಗಬೇಕಾಗಿದೆ.

ಡಿರಾಕ್ ಪರವಾನಗಿಯ ಬೆಲೆಯೂ ಇದನ್ನೇ ಸೂಚಿಸುತ್ತದೆ. 2023ರಲ್ಲಿ ಡೆನಾನ್ ಮತ್ತು ಮರಾಂಟ್ಜ್‌ನ ಕೆಲವು ಮಾದರಿಗಳಿಗೆ ಅದನ್ನು ಪ್ರತ್ಯೇಕವಾಗಿ ಮಾರಲು ಆರಂಭಿಸಿದಾಗ 500 ಹರ್ಟ್ಜ್‌ವರೆಗಿನ ತಿದ್ದುಪಡಿಗೆ 259 ಡಾಲರ್, ಪೂರ್ಣ ವ್ಯಾಪ್ತಿಗೆ 349 ಡಾಲರ್ ಎಂದು ನಿಗದಿಪಡಿಸಲಾಯಿತು. ಅರ್ಥಾತ್ ಬೆಲೆಯ ಬಹುಪಾಲು ಕೆಳಗಿನ ಸ್ವರಗಳಿಗೇ ಸಂದಿದೆ. ಕೆನಡಾದ ಧ್ವನಿವಿಜ್ಞಾನಿ ಫ್ಲಾಯ್ಡ್ ಟೂಲ್ ಅವರ ಅಭಿಪ್ರಾಯವೂ ಇದಕ್ಕೆ ಹೊಂದುತ್ತದೆ: ಕೆಲವು ನೂರು ಹರ್ಟ್ಜ್‌ಗಳ ಮೇಲೆ ಧ್ವನಿಯ ಗುಣವನ್ನು ನಿರ್ಧರಿಸುವುದು ಮುಖ್ಯವಾಗಿ ಸ್ಪೀಕರ್, ಕೆಟ್ಟ ಸ್ಪೀಕರನ್ನು ಕೋಣೆಯ ತಿದ್ದುಪಡಿ ಒಳ್ಳೆಯದಾಗಿಸದು. ಆದುದರಿಂದ ಎರಡು ಲಕ್ಷ ರೂಪಾಯಿ ಮೀಸಲಿಟ್ಟ ಕುಟುಂಬವು ಸಾಧಾರಣ ತಿದ್ದುಪಡಿಯುಳ್ಳ ರಿಸೀವರ್ ಕೊಂಡು, ಉಳಿದ ಹಣವನ್ನು ಸ್ಪೀಕರ್ ಮತ್ತು ಎರಡನೆಯ ಸಬ್‌ವೂಫರ್‌ಗೆ ಹಾಕುವುದು ಲೇಸು. (ಅದನ್ನು ಅಂಗಡಿಯ ಜಿಎಸ್‌ಟಿ ನಂಬರಿಗೆ ಬರೆಸಿ ತೆರಿಗೆ ಜಮೆ ಪಡೆಯುವ ಆಸೆ ಬೇಡ, ಸ್ವಂತ ಬಳಕೆಯ ಸರಕಿಗೆ 2017ರ ಕಾಯ್ದೆಯ 17(5)ನೆಯ ಕಲಮಿನಲ್ಲಿ ಜಮೆ ಇಲ್ಲ.)

ದುಬಾರಿ ತಿದ್ದುಪಡಿ ಎಂದಿಗೂ ಬೇಡವೆಂದು ಇದರ ಅರ್ಥವಲ್ಲ. ಸ್ಪೀಕರ್‌ಗಳು ಈಗಾಗಲೇ ಉತ್ತಮವಾಗಿದ್ದು, ಎರಡು ಸಬ್‌ವೂಫರ್‌ಗಳಿದ್ದು, ಮನೆಮಂದಿಯ ಓಡಾಟದ ಹಾಲಿನಲ್ಲಿ ಸೋಫಾವನ್ನು ಸರಿಸಲು ಎಡೆಯೇ ಇಲ್ಲದಿದ್ದರೆ, ಆ ಹಣ ವ್ಯರ್ಥವಾಗದು.

ಇದರಲ್ಲಿ ಸಣ್ಣ ಉತ್ಪಾದಕರಿಗೂ ಕೆಲಸವಿದೆ. ನವಲಗುಂದದ ಜಮಖಾನೆಯನ್ನು ಹಾಸಿದರೆ ಫರಸಿಯ ಮೇಲಿನ ತೀಕ್ಷ್ಣ ಧ್ವನಿ ಕೊಂಚ ಮೆತ್ತಗಾಗುತ್ತದೆ. ಆದರೆ ತೆಳುವಾದುದರಿಂದ ಮಧ್ಯಮ ಸ್ವರಗಳಿಗೆ ಅದು ಸಾಲದು. ಅದಕ್ಕೆ ನಾಲ್ಕು ಇಂಚಿನಷ್ಟು ದಪ್ಪದ ಹೀರುವ ಹಲಗೆ ಬೇಕು. ಒತ್ತಿದ ಹತ್ತಿಯಿಂದ ಅಂಥ ಹಲಗೆಗಳನ್ನು ಹೊರದೇಶಗಳಲ್ಲಿ ತಯಾರಿಸಿ ಮಾರಲಾಗುತ್ತಿದೆ. ಹತ್ತಿಯ ಪೇಟೆ, ಗಾದಿ ಮಾಡುವ ಕೈ, ಬೆಟಗೇರಿಯ ನೇಕಾರರ ಬಟ್ಟೆ, ಬಡಗಿಯ ಚೌಕಟ್ಟು ಎಲ್ಲವೂ ಒಂದೇ ಅವಳಿ ನಗರದಲ್ಲಿರುವಾಗ, ಬೆಂಗಳೂರಿನಿಂದ ಫೋಮ್ ತರಿಸುವುದೇಕೆ? ಬೆಂಕಿ ಹಿಡಿಯದಂತೆ ಹತ್ತಿಯನ್ನು ಸಂಸ್ಕರಿಸುವ ವಿಧಾನವೊಂದನ್ನು ಮಾತ್ರ ಕಲಿಯಬೇಕಾಗುತ್ತದೆ.

ಅಂಗಡಿಕಾರರ ಪಾಲಿಗೆ ಪ್ರಶ್ನೆ ಇನ್ನೂ ಗಂಭೀರ. ಆನ್‌ಲೈನ್ ದರದೊಡನೆ ಅವರು ರೂಪಾಯಿಗೆ ರೂಪಾಯಿ ಸ್ಪರ್ಧಿಸಲಾರರು. ಮುಂಡರಗಿಯ ಗ್ರಾಹಕನ ಮನೆಗೆ ಹೋಗಿ ಅಳೆದು ಕೊಡುವುದು ಆನ್‌ಲೈನ್ ವ್ಯಾಪಾರದಿಂದ ಆಗದ ಕೆಲಸ. ತೇವಾಂಶ ನೋಡದೆ ಹತ್ತಿಗೆ ದರ ಹೇಳದ ಪೇಟೆಯಲ್ಲಿ ಧ್ವನಿಯನ್ನು ಅಳೆಯದೆ ಮಾರುವುದು ವಿಚಿತ್ರ. ಅಳತೆಯ ಸಾಫ್ಟ್‌ವೇರ್ ರೂಮ್ ಇಕ್ಯೂ ವಿಝಾರ್ಡ್ ಪುಕ್ಕಟೆ ದೊರೆಯುತ್ತದೆ. ಬೇಕಾದುದು ಒಂದು ಲ್ಯಾಪ್‌ಟಾಪ್ ಮತ್ತು ಅಳತೆಯ ಮೈಕ್. ಮೈಕನ್ನು ಪ್ರತಿ ಅಂಗಡಿಯೂ ಕೊಳ್ಳಬೇಕೆಂದಿಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ತಾಲೂಕು ಇದು. ನಾಲ್ಕು ಊರಿನ ಅಂಗಡಿಕಾರರು ಪಾಲಿನಲ್ಲಿ ಒಂದನ್ನು ತರಿಸಿಕೊಳ್ಳಬಹುದು. ಅಳತೆಯ ದರವನ್ನು ಬಿಲ್ಲಿನಲ್ಲಿ ಬೇರೆಯಾಗಿಯೇ ಕಾಣಿಸಿ, ತಿದ್ದುಪಡಿಗೆ ಮುಂಚಿನ ಮತ್ತು ಅನಂತರದ ನಕ್ಷೆಗಳನ್ನು ಗ್ರಾಹಕನ ಕೈಗೆ ಕೊಟ್ಟರೆ, ದುಬಾರಿ ರಿಸೀವರ್ ಬೇಕೋ ಬೇಡವೋ ಎಂಬುದನ್ನು ಅವನೇ ನೋಡಿ ತೀರ್ಮಾನಿಸುವನು.