ಕಸುಬಿಗೆ ಅರ್ಧ ಬೆಲೆ ಕಟ್ಟಿದವರು ಉತ್ತರಿಸಲಿ

ಸೇಡಂ, ಮಳಖೇಡ, ಕೋಡ್ಲಾ, ಇಟಗಾ, ವಾಡಿ, ಚಿಂಚೋಳಿ ತಾಲ್ಲೂಕಿನ ಕಲ್ಲೂರು: ಕಲಬುರಗಿ ಜಿಲ್ಲೆಯ ಸುಣ್ಣದಕಲ್ಲಿನ ನೆಲದಲ್ಲಿ ಸಿಮೆಂಟ್ ಕಾರ್ಖಾನೆಗಳ ಸಾಲೇ ಇದೆ. ವಾಡಿಯದು 1968ರದು, ಶಹಾಬಾದಿನಲ್ಲಿ ಅದಕ್ಕೂ ಮುಂಚೆಯೇ ಸಿಮೆಂಟ್ ತಯಾರಾಗುತ್ತಿತ್ತು. ಇಲ್ಲಿ ಹುಟ್ಟಿದ ಹುಡುಗನಿಗೆ ಬಿ.ಎ. ಮುಗಿಸಿ ಕಲಬುರಗಿಯಲ್ಲಿ ಬಾಡಿಗೆ ಕೋಣೆ ಹಿಡಿದು ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವುದೊಂದೇ ದಾರಿ ಎಂದು ನಾವೆಲ್ಲ ನಂಬಿಸಿದ್ದೇವೆ. ಈ ನಂಬಿಕೆ ತಪ್ಪು.

ಸಂವಿಧಾನದ 371(ಜೆ) ಕಲಂನಿಂದ ಈ ಭಾಗದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೆ ಮೀಸಲು, ನಿಜ. ಆದರೆ ಅಧಿಸೂಚನೆ ಹೊರಡದಿದ್ದರೆ ಮೀಸಲಾತಿ ಕಾಗದದಲ್ಲೇ ಉಳಿಯುತ್ತದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ಮರುವರ್ಷ ರದ್ದಾಯಿತು. ಆ ಅಕ್ರಮ ಬಯಲಾದದ್ದು ಕಲಬುರಗಿಯ ಕೇಂದ್ರದಿಂದಲೇ. ಪ್ರಾಮಾಣಿಕವಾಗಿ ಓದಿದವರ ವರ್ಷಗಳನ್ನು ಯಾರೂ ಹಿಂತಿರುಗಿಸಲಿಲ್ಲ.

ಸುಣ್ಣದಕಲ್ಲು ಸುಡುವ ಕುಲುಮೆ, ಅಂದರೆ ಕಿಲ್ನ್, ದುರಸ್ತಿಗೆ ನಿಂತ ದಿನಗಳಲ್ಲಿ ಕಾರ್ಖಾನೆಯ ಒಳಗೆ ನೋಡಬೇಕು. ಸವೆದ ಇಟ್ಟಿಗೆ ಕಿತ್ತು ಹೊಸದನ್ನು ಸುತ್ತಲೂ ಕೂರಿಸಬೇಕು, ಬಿರುಕು ಬಿಟ್ಟ ಉಕ್ಕಿನ ತಗಡು ಬೆಸೆಯಬೇಕು, ಬೇರಿಂಗ್ ಬಿಚ್ಚಿ ಜೋಡಿಸಬೇಕು. ಕಿಲ್ನ್ ನಿಂತಷ್ಟು ಹೊತ್ತು ಸಿಮೆಂಟಿಗೆ ಬೇಕಾದ ಕ್ಲಿಂಕರ್ ಇಲ್ಲ. ಬೆಸುಗೆ ಕೆಟ್ಟರೆ ಮತ್ತೆ ನಿಲ್ಲಿಸಬೇಕು. ಅದಕ್ಕೇ ಪಳಗಿದ ವೆಲ್ಡರ್, ಫಿಟ್ಟರ್‌ಗಳನ್ನು ಗುತ್ತಿಗೆದಾರರು ಫೋನು ಮಾಡಿ ಹೊರರಾಜ್ಯಗಳಿಂದಲೂ ಕರೆಸುತ್ತಾರೆ. ಓಟಿ ಸೇರಿದರೆ ಅವರ ಕೈಗೆ ಬರುವ ಹಣದ ಮುಂದೆ, ಖಾಸಗಿ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಹೊಸ ಪದವೀಧರನ ಸಂಬಳ ಸಣ್ಣದು. ನಮ್ಮೂರ ಹುಡುಗರು ಆ ಮಟ್ಟಕ್ಕೆ ಪಳಗಲು ಏನು ಅಡ್ಡಿ?

ಮೊದಲ ಅಡ್ಡಿ ಸರ್ಕಾರವೇ. 2023ರ ಡಿಸೆಂಬರ್‌ನಲ್ಲಿ ನೋಂದಣಿ ಶುರುವಾದ ಯುವನಿಧಿ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವನಿಗೆ 1,500. ಐಟಿಐ ಮುಗಿಸಿದವನ ಹೆಸರೇ ಅದರಲ್ಲಿ ಇಲ್ಲ. ಕಸುಬು ಕಲಿತವನ ಹಸಿವು ಅರ್ಧವೇ? ಮಕ್ಕಳನ್ನು ಐಟಿಐಗೆ ಕಳಿಸಿ ಎಂದು ತಂದೆ-ತಾಯಿಗೆ ಬುದ್ಧಿ ಹೇಳುವ ಹಕ್ಕನ್ನು ಈ ಸರ್ಕಾರ ತಾನೇ ಕಳೆದುಕೊಂಡಿದೆ.

ಎರಡನೆಯ ಅಡ್ಡಿ ಗುತ್ತಿಗೆ ಪದ್ಧತಿ. ಒಂದೇ ಪಾಳಿ, ಒಂದೇ ಯಂತ್ರ; ಕಾಯಂ ಕಾರ್ಮಿಕನಿಗೊಂದು ಸಂಬಳ, ಗುತ್ತಿಗೆ ಗೇಟ್‌ಪಾಸಿನವನಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಹತ್ತು ವರ್ಷ ದುಡಿದರೂ ಬಡ್ತಿಯಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ಸುಪ್ರೀಂ ಕೋರ್ಟ್ ಸರ್ಕಾರದ ತಾತ್ಕಾಲಿಕ ನೌಕರರ ಪ್ರಕರಣದಲ್ಲಿ 2016ರಲ್ಲೇ ಹೇಳಿದೆ. ಆ ನ್ಯಾಯ ಸಿಮೆಂಟ್ ಕಾರ್ಖಾನೆಯ ಗೇಟಿನ ಹೊರಗೆ ನಿಲ್ಲಬಾರದು. ಪಿಂಚಣಿ, ರಜೆ, ಭದ್ರತೆ ಕಂಡು ಜನ ಮೇಜಿನ ಕೆಲಸ ಬಯಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಆ ಭದ್ರತೆ ಸ್ಪ್ಯಾನರ್ ಹಿಡಿದವನಿಗೂ ಸಿಗಬೇಕು.

ಈ ಆರೂ ಊರುಗಳ ಸುಣ್ಣದಕಲ್ಲು ಬೇಕೆನ್ನುವ ಕಂಪನಿಗಳು ಇಲ್ಲಿನ ಐಟಿಐ ಹುಡುಗರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಂಡು, ಕಲಿಸಿ, ಕಾಯಂ ಮಾಡಬೇಕು. ಸರ್ಕಾರ ಯುವನಿಧಿಗೆ ಐಟಿಐ ಸೇರಿಸಿ ಮೊತ್ತ ಸಮ ಮಾಡಬೇಕು. ಮುಂದಿನ ಅಧಿವೇಶನದಲ್ಲಿ ಇದನ್ನು ಎತ್ತದ ಶಾಸಕರನ್ನು ಮತದಾರರು ಹೆಸರು ಹಿಡಿದು ಕೇಳಲಿ.